ಓದುಗರ ಪ್ರಶ್ನೆ: ಹಳೆಯ ಜೀಪಿಗೆ ಎಂಜಿನ್ನಿಗಿಂತ ಮೊದಲು ಬ್ರೇಕು

ಪ್ರಶ್ನೆ: ಮಾನ್ಯರೇ, ಮೂಡಿಗೆರೆ ಸಮೀಪ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ದೊಡ್ಡಪ್ಪನವರು ಓಡಿಸುತ್ತಿದ್ದ ಮಹೀಂದ್ರ ಎಂ.ಎಂ. 540 ಜೀಪು ಹಲವು ವರ್ಷಗಳಿಂದ ಶೆಡ್ಡಿನಲ್ಲೇ ನಿಂತಿದೆ. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ನಾನು ಶಾಲಾ ಶಿಕ್ಷಕ; ಸ್ಪ್ಯಾನರ್ ಹಿಡಿದ ಅನುಭವ ಕಡಿಮೆ, ಆದರೆ ಆದಷ್ಟು ಕೆಲಸವನ್ನು ನಾನೇ ಮಾಡಬೇಕೆಂಬ ಆಸೆಯಿದೆ. ಪೂರ್ತಿ ಬಿಚ್ಚಿ ಚಾಸಿಯಿಂದ (ಅಡಿಯ ಕಬ್ಬಿಣದ ಚೌಕಟ್ಟಿನಿಂದ) ಶುರುಮಾಡಿ ಎಂದು ಕೆಲವರು, ಬೇರೆ ಎಂಜಿನ್ ಕೂರಿಸಿ ಎಂದು ಕೆಲವರು ಹೇಳುತ್ತಿದ್ದಾರೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಎರಡೂ ಸಲಹೆಗಳನ್ನು ಸದ್ಯಕ್ಕೆ ಬದಿಗಿಡಿ. ಮೊದಲು ಆರ್.ಸಿ. ಪುಸ್ತಕವನ್ನು ಹುಡುಕಿ ತೆಗೆಯಿರಿ. ಖಾಸಗಿ ವಾಹನದ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ. ಆ ಬಳಿಕ ತಪಾಸಣೆಯಾಗಿ ಐದೈದು ವರ್ಷಕ್ಕೆ ನವೀಕರಣವಾಗಬೇಕು. 20 ವರ್ಷ ದಾಟಿದ ಲಘು ವಾಹನಗಳ ನವೀಕರಣ ಶುಲ್ಕವನ್ನು 2025ರಲ್ಲಿ ₹10,000ಕ್ಕೆ ಏರಿಸಲಾಗಿದೆ. ಹಸಿರು ತೆರಿಗೆ ಬೇರೆ. ಚಾಸಿಯ ಮೇಲೆ ಕೊರೆದಿರುವ ಸಂಖ್ಯೆ, ಎಂಜಿನ್ ಸಂಖ್ಯೆ ಮತ್ತು ಇಂಧನ ಈ ಮೂರೂ ಆರ್.ಸಿ.ಯಲ್ಲಿ ಇರುವಂತೆಯೇ ಇವೆಯೇ ಎಂದು ನೋಡಿಕೊಳ್ಳಿ. ಪುಸ್ತಕದಲ್ಲಿ ಪೆಟ್ರೋಲ್ ಎಂದಿದ್ದು ಬಾನೆಟ್ ಕೆಳಗೆ ಡೀಸೆಲ್ ಎಂಜಿನ್ ಕುಳಿತಿರುವ ಹಳೆಯ ಜೀಪುಗಳು ಮಲೆನಾಡಿನಲ್ಲಿ ಅಪರೂಪವಲ್ಲ. ಅಂಥ ತೊಡಕು ಇದ್ದರೆ ಅದನ್ನು ಹಣ ಸುರಿದ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿಯುವುದು ಮೇಲು.

ಕಾಗದ ಸರಿಯಿದ್ದರೆ ಮುಂದೆ ಚಾಸಿ. ಒತ್ತಡದ ನೀರಿನಲ್ಲಿ ಅಡಿಭಾಗವನ್ನೆಲ್ಲ ತೊಳೆಸಿ, ಒಣಗಿದ ಮೇಲೆ ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಕಣಕಣ ಎನ್ನುತ್ತದೆ, ತುಕ್ಕು ತಿಂದ ಜಾಗ ಪೊಳ್ಳು ಸದ್ದು ಕೊಡುತ್ತದೆ. ಅಲ್ಲಿ ಸ್ಕ್ರೂ ಡ್ರೈವರಿನ ಮೊನೆ ಒತ್ತಿ ನೋಡಿ. ಹಿಂದಿನ ಪ್ಲೇಟುಗಳನ್ನು (ಪಟ್ಟಿ ಸ್ಪ್ರಿಂಗ್‌ಗಳನ್ನು) ಹಿಡಿದಿರುವ ಬ್ರಾಕೆಟ್‌ಗಳ ಸುತ್ತ, ಅಡ್ಡಪಟ್ಟಿಗಳು ಸೇರುವ ಮೂಲೆಗಳಲ್ಲಿ ಹಾಗೂ ಸ್ಟಿಯರಿಂಗ್ ಬಾಕ್ಸ್ ಕೂರಿಸಿರುವ ಜಾಗದಲ್ಲಿ ಕೂದಲೆಳೆಯಂಥ ಬಿರುಕುಗಳನ್ನೂ ಹುಡುಕಬೇಕು. ತೋಟದ ಜೀಪಿನಲ್ಲಿ ಗೊಬ್ಬರದ ಮೂಟೆಗಳು ಓಡಾಡಿರುತ್ತವೆ. ರಸಗೊಬ್ಬರದ ಉಪ್ಪು ಕೆಸರಿನೊಂದಿಗೆ ಸೇರಿ ಚಾಸಿಯ ಒಳಗೆ ಕುಳಿತರೆ ಕಬ್ಬಿಣ ಒಳಗಿನಿಂದಲೇ ಸವೆಯುತ್ತದೆ. ಕೈಯಗಲದ ತೂತಿಗೆ ತಗಡು ಇಟ್ಟು ಬೆಸೆಯುವ ಟಿಂಕರಿಂಗ್ ಸಾಲದು. ಚಾಸಿಯ ಬೆಸುಗೆಯನ್ನು ಲಾರಿ ಚಾಸಿಗಳ ಕೆಲಸ ಬಲ್ಲ ವೆಲ್ಡರಿಗೇ ಬಿಡಿ. ಚಾಸಿ ಗಟ್ಟಿಯಿದ್ದರೆ ಬಾಡಿ ಎತ್ತುವ ಅಗತ್ಯವೇ ಇಲ್ಲ. ಮೊದಲ ಸಲ ಕೈಹಾಕುವವರು ಪೂರ್ತಿ ಬಿಚ್ಚಿದ ಜೀಪುಗಳಲ್ಲಿ ಬಹುಪಾಲು ಮತ್ತೆ ಜೋಡಣೆಯಾಗದೆ ಗುಜರಿಗೆ ಹೋಗುತ್ತವೆ ಎಂಬುದು ಯಾವ ಗ್ಯಾರೇಜಿನಲ್ಲಿ ಕೇಳಿದರೂ ಸಿಗುವ ಮಾತು. ಒಂದು ವ್ಯವಸ್ಥೆಯನ್ನು ಬಿಚ್ಚಿ, ಮುಗಿಸಿ, ಆಮೇಲೆ ಇನ್ನೊಂದಕ್ಕೆ ಹೋಗಿ; ಬಿಚ್ಚುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು, ಬೋಲ್ಟುಗಳನ್ನು ಚೀಟಿ ಅಂಟಿಸಿದ ಚೀಲಗಳಲ್ಲಿ ಬೇರೆ ಬೇರೆ ಇಡಿ.

ಆ ಮೊದಲ ವ್ಯವಸ್ಥೆ ಬ್ರೇಕ್ ಆಗಿರಲಿ. ಎಂಜಿನ್ ಸದ್ದು ಕೇಳುವ ಆತುರ ಎಲ್ಲರಿಗೂ ಇರುತ್ತದೆ, ಆದರೆ ಸ್ಟಾರ್ಟ್ ಆದ ಜೀಪನ್ನು ಶೆಡ್ಡಿನಿಂದ ಹೊರತರದೆ ಯಾರೂ ಸುಮ್ಮನಿರುವುದಿಲ್ಲ, ಮೂಡಿಗೆರೆಯ ಕಡೆ ಶೆಡ್ಡಿನ ಮುಂದೆ ಇಳಿಜಾರೇ ಇರುತ್ತದೆ. ಜೀಪನ್ನು ಜ್ಯಾಕಿನ ಮೇಲಷ್ಟೇ ನಿಲ್ಲಿಸದೆ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟು ಡ್ರಮ್ ಬಿಚ್ಚಿ. ಡ್ರಮ್ಮಿಗೆ ಉಜ್ಜುವ ಹಳೆಯ ಲೈನರುಗಳಲ್ಲಿ ಶ್ವಾಸಕೋಶಕ್ಕೆ ಕೆಡುಕಾದ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಗಾಳಿ ಹೊಡೆದು ದೂಳು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಲೈನರನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿನ ತುದಿಯ ರಬ್ಬರ್ ಟೋಪಿಯನ್ನು ಮೆಲ್ಲನೆ ಎತ್ತಿ: ಒಳಗೆ ಒದ್ದೆಯಿದ್ದರೆ ಸಿಲಿಂಡರ್ ಸೋರುತ್ತಿದೆ ಎಂದರ್ಥ. ಲೈನರಿನ ಮೇಲೆ ದಪ್ಪನೆಯ ಕಪ್ಪು ಜಿಡ್ಡಿದ್ದರೆ ಅದು ಬ್ರೇಕ್ ಆಯಿಲ್ ಅಲ್ಲ, ಆಕ್ಸಲ್‌ನ ಗಿಯರ್ ಆಯಿಲ್. ಆಗ ಸೀಲ್ ಬದಲಿಸುವುದರ ಜೊತೆಗೆ ಆಕ್ಸಲ್ ಹೌಸಿಂಗಿನ (ಹೊರಕವಚದ) ಮೇಲಿರುವ, ಗಾಳಿಯಾಡಲು ಬಿಟ್ಟ ಸಣ್ಣ ಬ್ರೀದರ್ ಕೆಸರಿನಿಂದ ಮುಚ್ಚಿದೆಯೇ ಎಂದು ನೋಡಿ. ಅದು ಮುಚ್ಚಿದರೆ ಬಿಸಿಯಾದ ಹೌಸಿಂಗಿನಲ್ಲಿ ಒತ್ತಡ ಕಟ್ಟಿಕೊಂಡು ಹೊಸ ಸೀಲಿನಿಂದಲೂ ಆಯಿಲ್ ಹೊರಬರುತ್ತದೆ. ಇದು ಗೊತ್ತಿಲ್ಲದೆ ಮತ್ತೆ ಮತ್ತೆ ಸೀಲ್ ಬದಲಿಸುವವರಿದ್ದಾರೆ. ರಬ್ಬರ್ ಹೋಸುಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತವೆ, ಆದ್ದರಿಂದ ನೋಡುವ ಗೋಜಿಗೆ ಹೋಗದೆ ಎಲ್ಲವನ್ನೂ ಬದಲಿಸಿ. ಕೊನೆಯಲ್ಲಿ ಬ್ರೇಕ್ ಪೈಪುಗಳೊಳಗಿನ ಗಾಳಿ ತೆಗೆಯುವಾಗ ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡ ಚಕ್ರದಿಂದ ಆರಂಭಿಸಿ. ಬಿಡಿಭಾಗಗಳು ಚಿಕ್ಕಮಗಳೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ; ಹೋಗುವಾಗ ಹಳೆಯ ಭಾಗವನ್ನು ಕೈಯಲ್ಲಿ ಹಿಡಿದೇ ಹೋಗಿ.

ಇನ್ನು ಎಂಜಿನ್. 540ರಲ್ಲಿ ಸಾಮಾನ್ಯವಾಗಿ ಇರುವುದು ಪ್ಯೂಜೊ ಮೂಲದ 2,112 ಸಿ.ಸಿ. ಡೀಸೆಲ್ ಎಂಜಿನ್. ಇದರಲ್ಲಿ ತಣ್ಣಗಿನ ಎಂಜಿನ್ ಹತ್ತಲು ಸಿಲಿಂಡರನ್ನು ಮೊದಲೇ ಬಿಸಿ ಮಾಡುವ ಹೀಟರ್ ಪ್ಲಗ್‌ಗಳು ಸರಿಯಿರಬೇಕು. ಸೆಲ್ಫ್‌ಗೆ ತಿರುಗಿಯೂ ಹತ್ತದ ಎಂಜಿನ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಟ್ಯಾಂಕ್ ಇಳಿಸಿ ಹಳಸಿದ ಡೀಸೆಲ್ ಮತ್ತು ತಳದ ಕೆಸರನ್ನು ತೊಳೆದು, ಫಿಲ್ಟರ್ ಬದಲಿಸಿ, ಹ್ಯಾಂಡ್ ಪಂಪಿನಿಂದ ಪೈಪಿನೊಳಗಿನ ಗಾಳಿ ತೆಗೆದು, ನಾಲ್ಕೂ ಹೀಟರ್ ಪ್ಲಗ್‌ಗಳಿಗೆ ಕರೆಂಟ್ ಬರುತ್ತಿದೆಯೇ ಎಂದು ಪರೀಕ್ಷಿಸಿ. ಇಷ್ಟಾದ ಮೇಲೂ ಹತ್ತದಿದ್ದರೆ ಡೀಸೆಲ್ ಪಂಪನ್ನೂ ಡೀಸೆಲ್ ಸಿಂಪಡಿಸುವ ನಾಜಲ್‌ಗಳನ್ನೂ ಪಂಪ್ ಸರ್ವಿಸ್ ಮಾಡುವವರಿಗೆ ಕೊಡಿ. ಅದು ಮನೆಯಲ್ಲಿ ಬಿಚ್ಚುವ ವಸ್ತುವಲ್ಲ. ಬೇರೆ ಎಂಜಿನ್ ಕೂರಿಸುವ ಮಾತು ಎತ್ತಿದವರಿಗೆ, ಅದಕ್ಕೆ ಬೇಕಾದ ಆರ್.ಟಿ.ಒ. ಅನುಮತಿ ತಂದುಕೊಡಿ ಎನ್ನಿ.

ಪ್ರಶ್ನೆ: ನನ್ನ ಹಳೆಯ ಮಹೀಂದ್ರ ಸಿ.ಜೆ. ಜೀಪಿಗೆ 33 ಇಂಚಿನ ಟೈರ್, ನಾಲ್ಕು ಇಂಚು ಎತ್ತರಿಸಿದ ಪ್ಲೇಟುಗಳು ಮತ್ತು ಮುಂದೆ ಕಬ್ಬಿಣದ ಬಂಪರ್ ಹಾಕಿಸಬೇಕೆಂದಿದ್ದೇನೆ. ತಮ್ಮ ಅಭಿಪ್ರಾಯವೇನು? (ಸಕಲೇಶಪುರದ ಓದುಗರು)

ಉತ್ತರ: ಬೇಡವೆಂಬುದೇ ನನ್ನ ಅಭಿಪ್ರಾಯ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯ ತೀರ್ಪಿನಲ್ಲಿ ಇದನ್ನೇ ಎತ್ತಿಹಿಡಿದಿದೆ. ಇಂಥ ಕಬ್ಬಿಣದ ಬಂಪರುಗಳ, ಅಂದರೆ ಕ್ರ್ಯಾಶ್ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಕಾನೂನು ಹಾಗಿರಲಿ, ಜೀಪಿನ ಲೆಕ್ಕವೂ ಇದನ್ನು ಒಪ್ಪುವುದಿಲ್ಲ. ಮೂಲದ 6.00-16 ಟೈರಿನ ಎತ್ತರ ಸುಮಾರು 28ರಿಂದ 29 ಇಂಚು. 33 ಇಂಚಿನ ಟೈರ್ ಹಾಕಿದೊಡನೆ 5.38 ಅನುಪಾತದ ಡಿಫರೆನ್ಷಿಯಲ್ (ಆಕ್ಸಲ್ಲಿನ ಗಿಯರುಗಳು) 4.65 ಇದ್ದಂತೆ ನಡೆದುಕೊಳ್ಳುತ್ತದೆ, ಅಂದರೆ ಏರಿನಲ್ಲಿ ಎಳೆಯುವ ಬಲ ಕುಗ್ಗುತ್ತದೆ. ಮೊದಲೇ ದುರ್ಬಲವಾದ ಡ್ರಮ್ ಬ್ರೇಕಿನ ಮೇಲೆ ಭಾರ ಹೆಚ್ಚುತ್ತದೆ. ಮುಂದಿನ ಚಕ್ರ ತಿರುಗುವ ಕೀಲಿನ ಕಿಂಗ್ ಪಿನ್ ಬೇರಿಂಗ್ ಬೇಗ ಸವೆಯುತ್ತದೆ. ಪ್ಲೇಟು ಎತ್ತರಿಸಿದಾಗ ಮುಂದಿನ ಆಕ್ಸಲ್‌ನ ಕೋನ ಬದಲಾಗಿ, ಗುಂಡಿಯೊಂದಕ್ಕೆ ಇಳಿದ ಕ್ಷಣ ಸ್ಟಿಯರಿಂಗ್ ಕೈಗೆ ಸಿಗದಂತೆ ಅದುರುವ ರೋಗವೂ ಅಂಟಿಕೊಳ್ಳಬಹುದು. ಸಕಲೇಶಪುರದ ಮಳೆಗಾಲದ ಕೆಸರಿಗೆ ಅಗಲ ಟೈರಿಗಿಂತ ಮೇಲಿನ ಜಾರುಮಣ್ಣನ್ನು ಸೀಳಿ ಗಟ್ಟಿ ನೆಲ ಮುಟ್ಟುವ ಕಿರಿದಾದ, ಆಳವಾದ ಪಟ್ಟೆಯ ಟೈರೇ ಲೇಸು.

ಏನಾದರೂ ಮಾರ್ಪಾಡು ಮಾಡಲೇಬೇಕೆಂದಿದ್ದರೆ ಆಕ್ಸಲ್ ಬ್ರೀದರುಗಳಿಗೆ ರಬ್ಬರ್ ಪೈಪು ಜೋಡಿಸಿ ಬಾನೆಟ್ ಎತ್ತರಕ್ಕೆ ಒಯ್ಯಿರಿ. ಹಳ್ಳ ದಾಟುವಾಗ ಆಕ್ಸಲ್ಲಿಗೆ ನೀರು ನುಗ್ಗುವುದು ಅದರಿಂದ ತಪ್ಪುತ್ತದೆ. ಖರ್ಚು ಅತ್ಯಲ್ಪ, ಹೊರಗೆ ಕಾಣುವುದೂ ಇಲ್ಲ.

ಪ್ರಶ್ನೆ: ತಾತನವರ 1960ರ ದಶಕದ ವಿಲ್ಲೀಸ್ ಮಾದರಿಯ ಜೀಪನ್ನು ವಿಂಟೇಜ್ ಎಂದು ನೋಂದಾಯಿಸಿದರೆ ಲಾಭವಿದೆಯೇ? (ಧಾರವಾಡದ ಓದುಗರು)

ಉತ್ತರ: ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗದ ವಾಹನಗಳಿಗೆ 2021ರ ನಿಯಮದಂತೆ ಆ ಅವಕಾಶವಿದೆ, ಹೊಸ ನೋಂದಣಿಗೆ ₹20,000 ಶುಲ್ಕ. ಆದರೆ ಹಾಗೆ ನೋಂದಾಯಿಸಿದ ಜೀಪನ್ನು ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಮುಂತಾದ ಸೀಮಿತ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು. ಹೊಲಕ್ಕೂ ಸಂತೆಗೂ ಓಡಿಸುವ ಉದ್ದೇಶ ತಮಗಿದ್ದರೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸುವುದು ಒಳ್ಳೆಯದು.

ಪ್ರಶ್ನೆ: ಜೀಪಿಗೆ ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಬಲ) ಹಾಕಿ ಡಾಂಬರು ರಸ್ತೆಯಲ್ಲಿ ಬಂದ ಮೇಲೆ ಲಿವರ್ ಹೊರಬರುತ್ತಿಲ್ಲ. ಗಿಯರ್ ಬಾಕ್ಸ್ ಬಿಚ್ಚಬೇಕೇ? (ಸೋಮವಾರಪೇಟೆಯ ಓದುಗರು)

ಉತ್ತರ: ಬಿಚ್ಚಬೇಡಿ. ಈ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ವೇಗದ ವ್ಯತ್ಯಾಸವನ್ನು ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಉರುಳಬೇಕಾಗುತ್ತದೆ; ಮಣ್ಣಿನಲ್ಲಾದರೆ ಟೈರ್ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ, ಡಾಂಬರಿನಲ್ಲಿ ಜಾರಲಾಗದೆ ಶಾಫ್ಟುಗಳು ತಿರುಚಿಕೊಂಡು ಗಿಯರನ್ನು ಬಿಗಿಹಿಡಿಯುತ್ತವೆ. ಸ್ಟಿಯರಿಂಗನ್ನು ನೇರವಾಗಿಟ್ಟು ಕೆಲವು ಮೀಟರ್ ಹಿಂದಕ್ಕೆ ಚಲಿಸಿ, ಸಾಧ್ಯವಾದರೆ ಒಂದು ಬದಿಯ ಚಕ್ರಗಳನ್ನು ಮಣ್ಣಿಗಿಳಿಸಿ, ಲಿವರ್ ಎಳೆಯಿರಿ. ಮುಂದೆ ಹೊಸ ಟೈರ್, ಹಿಂದೆ ಸವೆದ ಟೈರ್ ಇದ್ದರೂ ಇದೇ ತೊಂದರೆ ಬರುತ್ತದೆ. ನಾಲ್ಕೂ ಒಂದೇ ಅಳತೆಯವೇ ಎಂದು ದಾರದಿಂದ ಸುತ್ತಳತೆ ತೆಗೆದು ನೋಡಿಕೊಳ್ಳಿ.