ಬ್ರೈಟ್‌ನೆಸ್ ಇಳಿಸಿದರೆ ಕೆಳಗಿನ ಲೇಯರ್ ಯಾಕೆ ಕಾಣುವುದಿಲ್ಲ?

ಷೋನಲ್ಲಿ ವಿಡಿಯೊಗಳನ್ನು ಒಂದರ ಮೇಲೊಂದು ಪದರವಾಗಿ (ಲೇಯರ್) ಇಟ್ಟು ಮಿಕ್ಸ್ ಮಾಡುವಾಗ, ಮೇಲಿನ ಲೇಯರ್‌ನ ಬ್ರೈಟ್‌ನೆಸ್ ಪೂರ್ತಿ ಇಳಿಸಿದರೂ ಕೆಳಗಿನ ವಿಡಿಯೊ ಕಾಣುತ್ತಿಲ್ಲ, ಪರದೆಯೇ ಕಪ್ಪಾಗುತ್ತಿದೆ ಅಂತ ಕೇಳಿದ್ದೀರಿ. ನಿಮ್ಮ ಸಾಫ್ಟ್‌ವೇರ್ ಕೆಟ್ಟಿಲ್ಲ. ಬ್ರೈಟ್‌ನೆಸ್ ಇಳಿಸಿದಾಗ ಲೇಯರ್ ಕಪ್ಪಾಗುತ್ತದೆ, ತೆಳುವಾಗುವುದಿಲ್ಲ. ಕಿಟಕಿಗೆ ಕಪ್ಪು ಬಟ್ಟೆ ಹಾಕಿದ ಹಾಗೆ, ಅದು ಅಲ್ಲೇ ಅಡ್ಡ ನಿಂತಿರುತ್ತದೆ. ಬಟ್ಟೆಯನ್ನು ತೆಳುವಾಗಿಸುವುದು ಒಪಾಸಿಟಿ, ಅಂದರೆ ಲೇಯರ್ ತನ್ನ ಹಿಂದಿನದನ್ನು ಎಷ್ಟು ಮರೆಮಾಡಬೇಕು ಅನ್ನುವ ಸೆಟ್ಟಿಂಗ್‌ನ ಕೆಲಸ.

ಆದರೆ ಇದು ನಾರ್ಮಲ್ ಬ್ಲೆಂಡ್ ಮೋಡ್‌ನ ಮಾತು. ಬ್ಲೆಂಡ್ ಮೋಡ್ ಅಂದರೆ ಮೇಲಿನ ಲೇಯರನ್ನು ಕೆಳಗಿನದರ ಜೊತೆ ಬೆರೆಸುವ ರೀತಿ. ಎರಡನ್ನೂ ಕೂಡಿಸುವ ಆಡ್ ಮೋಡ್‌ನಲ್ಲಿ ಕಪ್ಪು ಅಂದರೆ ಸೊನ್ನೆ. ಸೊನ್ನೆ ಕೂಡಿಸಿದರೆ ಏನೂ ಬದಲಾಗುವುದಿಲ್ಲ, ಅಲ್ವಾ? ಹಾಗಾಗಿ ಅಲ್ಲಿ ಚಿತ್ರ ಕಪ್ಪಾದರೆ ಕೆಳಗಿನದು ತಾನಾಗಿಯೇ ಕಾಣುತ್ತದೆ. ಎರಡನ್ನೂ ಗುಣಿಸುವ ಮಲ್ಟಿಪ್ಲೈನಲ್ಲಿ ತಿರುಗುಮುರುಗು, ಮೇಲಿನ ಕಪ್ಪು ಕೆಳಗಿನದನ್ನೂ ನುಂಗಿಬಿಡುತ್ತದೆ. ಮೊದಲು ನಿಮ್ಮ ಲೇಯರ್ ಯಾವ ಮೋಡ್‌ನಲ್ಲಿದೆ ನೋಡಿ.

ಒಂದು ವಿಡಿಯೊದಿಂದ ಇನ್ನೊಂದಕ್ಕೆ ಹೋಗುವಾಗ ಎರಡೂ ಲೇಯರ್‌ಗಳ ಒಪಾಸಿಟಿ ಆಡಿಸಬೇಡಿ. ನಾನು ತುಂಬ ದಿನ ಹಾಗೇ ಮಾಡುತ್ತಿದ್ದೆ, ನಡುವೆ ಚಿತ್ರ ಮಂಕಾಗುತ್ತಿತ್ತು. ಲೆಕ್ಕ ಹಾಕಿದ ಮೇಲೆ ಕಾರಣ ತಿಳಿಯಿತು. ಎರಡೂ 50%ನಲ್ಲಿದ್ದಾಗ ಮೇಲಿನದು 50 ಕೊಡುತ್ತದೆ. ಉಳಿದ 50ರಲ್ಲಿ ಕೆಳಗಿನದು ಅರ್ಧ, ಅಂದರೆ 25 ಮಾತ್ರ ಕೊಡುತ್ತದೆ. ಒಟ್ಟು 75. ಮಿಕ್ಕ 25 ಹಿಂದಿನ ಕಪ್ಪು. ಕೆಳಗಿನದನ್ನು 100ರಲ್ಲೇ ಬಿಟ್ಟು ಮೇಲಿನದೊಂದನ್ನೇ ಏರಿಸಿ ಇಳಿಸಿ, ಮಂಕಾಗುವುದು ನಿಲ್ಲುತ್ತದೆ.

ಬ್ರೈಟ್‌ನೆಸ್ ಬೇಡವೇ ಬೇಡ ಅಂತಲ್ಲ. ಒಂದು ಕ್ಲಿಪ್ ಉಳಿದವುಗಳಿಗಿಂತ ಜಾಸ್ತಿ ಬೆಳ್ಳಗಿದ್ದರೆ ಅದನ್ನು ಸರಿಹೊಂದಿಸಲು ಬೇಕೇ ಬೇಕು. ಅದನ್ನು ಷೋಗೆ ಮೊದಲೇ ಮಾಡಿಟ್ಟುಕೊಳ್ಳಿ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಬ್ರೈಟ್‌ನೆಸ್ ಅಂದರೆ ಪ್ರತಿ ಪಿಕ್ಸೆಲ್‌ಗೂ ಒಂದೇ ಮೊತ್ತ ಕೂಡಿಸುವುದು. ಏರಿಸಿದರೆ ಕಪ್ಪು ಭಾಗ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆಗ ಗೇನ್ ಇದ್ದರೆ ಅದನ್ನೇ ಬಳಸಿ. ಅದು ಗುಣಿಸುತ್ತದೆ, ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಓಬಿಎಸ್ (ವಿಡಿಯೊ ರೆಕಾರ್ಡಿಂಗ್, ಸ್ಟ್ರೀಮಿಂಗ್ ಸಾಫ್ಟ್‌ವೇರ್) ಬಳಸುವವರಾದರೆ ಕಲರ್ ಕರೆಕ್ಷನ್ ಫಿಲ್ಟರ್‌ನಲ್ಲಿ ಬ್ರೈಟ್‌ನೆಸ್, ಒಪಾಸಿಟಿ ಎರಡೂ ಒಂದೇ ಕಡೆ ಸಿಗುತ್ತವೆ. ಪಕ್ಕಪಕ್ಕದಲ್ಲೇ ಆಡಿಸಿ ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಮಿಡಿ ಕಂಟ್ರೋಲರ್‌ಗೆ (ಸಾಫ್ಟ್‌ವೇರನ್ನು ಕೈಯಿಂದ ಆಡಿಸುವ ಗುಂಡಿಗಳ ಸಾಧನ) ಯಾವುದನ್ನು ಜೋಡಿಸಲಿ ಅಂತಲೂ ಕೇಳಿದ್ದೀರಿ. ಪ್ರತಿ ಲೇಯರ್‌ನ ಒಪಾಸಿಟಿಗೆ ಒಂದೊಂದು ಫೇಡರ್ (ಜಾರಿಸುವ ಗುಂಡಿ), ಕೊನೆಯದು ಇಡೀ ಔಟ್‌ಪುಟ್ ಆಡಿಸುವ ಮಾಸ್ಟರ್‌ಗೆ. ಪರದೆ ಪೂರ್ತಿ ಕಪ್ಪಾಗಿಸಬೇಕಾದಾಗ ಮಾಸ್ಟರ್ ಒಂದನ್ನೇ ಇಳಿಸಿದರೆ ಲೇಯರ್‌ಗಳ ಹದ ಹಾಗೇ ಇರುತ್ತದೆ. ಸಾಮಾನ್ಯ ಮಿಡಿ ಫೇಡರ್ 0ಯಿಂದ 127ರವರೆಗೆ, ಬರೀ 128 ಮೆಟ್ಟಿಲು. ಕತ್ತಲ ದೃಶ್ಯದಲ್ಲಿ ನಿಧಾನವಾಗಿ ಎಳೆದರೆ ಆ ಮೆಟ್ಟಿಲುಗಳು ಕಂಡುಬಿಡಬಹುದು. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಮೆಟ್ಟಿಲುಗಳನ್ನು ನಯವಾಗಿಸುವ ಸ್ಮೂತಿಂಗ್ ಇದ್ದರೆ ಸ್ವಲ್ಪ ಹಾಕಿಕೊಳ್ಳಿ. ಜಾಸ್ತಿ ಹಾಕಬೇಡಿ, ಬೀಟ್‌ಗೆ ಸರಿಯಾಗಿ ಕಟ್ ಮಾಡುವಾಗ ಕೈಗಿಂತ ಚಿತ್ರ ಹಿಂದೆ ಬೀಳುತ್ತದೆ.