ಅಟ್ಟಣೆಯಿಂದ ಇಳಿದು ಗಾಳಿಯನ್ನು ಕಲಿಯಿರಿ

ಶಿವಮೊಗ್ಗ ಜಿಲ್ಲೆಯಿಂದ ಹೋಗಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿರುವ ಓದುಗರೊಬ್ಬರು ಬರೆಯುತ್ತಾರೆ: “ಈ ವರ್ಷ ಬಿಲ್ಲುಬೇಟೆಯ ಪರವಾನಗಿ ಪಡೆದಿದ್ದೇನೆ. ಸರ್ಕಾರಿ ಕಾಡಿನಲ್ಲಿ ಜನ ಹೆಚ್ಚು, ಜಿಂಕೆಗಳು ಬೆದರಿವೆ, ನೆಲದ ಮೇಲೆ ನಿಂತರೆ ಬರಿಗೈಯಲ್ಲಿ ಮರಳುವುದೇ ಗತಿ. ಯಾರದಾದರೂ ಖಾಸಗಿ ಜಮೀನನ್ನು ಗುತ್ತಿಗೆ ಹಿಡಿದು ಮರಕ್ಕೆ ಅಟ್ಟಣೆ ಕಟ್ಟು ಎಂದು ಸಹೋದ್ಯೋಗಿಗಳು ಹೇಳುತ್ತಿದ್ದಾರೆ. ಕಳೆದ ಸಂಚಿಕೆಯಲ್ಲಿ ತಾವು ನೆಲದ ಬೇಟೆಯನ್ನು ಹೊಗಳಿದ್ದು ಬರೀ ಭಾವುಕತೆಯಲ್ಲವೇ?”

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಸಹೋದ್ಯೋಗಿಗಳ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. 20 ಅಡಿ ಎತ್ತರದಲ್ಲಿ ಕುಳಿತವನ ಮೈವಾಸನೆ ಎಷ್ಟೋ ಸಲ ಜಿಂಕೆಯ ಮೂಗಿನ ಮೇಲಿಂದ ಹಾದುಹೋಗುತ್ತದೆ, ಅವನ ಕೈಯ ಅಲುಗಾಟ ಅದರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ, ಗುರಿ ತಪ್ಪಿದ ಬಾಣವೂ ನೆಲದಲ್ಲೇ ನಾಟಿಕೊಳ್ಳುತ್ತದೆ. ಹಾಗೆಯೇ, ಮೈಗೆ ಸುರಕ್ಷಾಪಟ್ಟಿ ಬಿಗಿಯದೆ ಮರವೇರಿ, ಬಿದ್ದು, ಬೆನ್ನುಮೂಳೆ ಮುರಿದುಕೊಂಡವರೂ ಆ ದೇಶದ ಬೇಟೆಗಾರರಲ್ಲಿ ಕಡಿಮೆಯೇನಿಲ್ಲ. ಅಟ್ಟಣೆಯ ಪರವಾಗಿ ಇಷ್ಟು ಸಾಕು.

ನೆಲದ ಮೇಲೆ ನಿಂತವನು ಮೊದಲು ಕಲಿಯಬೇಕಾದದ್ದು ಬಿಲ್ಲನ್ನಲ್ಲ, ಗಾಳಿಯನ್ನು. ಬಿಸಿಲೇರಿದಂತೆ ಇಳಿಜಾರಿನ ಗಾಳಿ ಮೇಲೇರುತ್ತದೆ, ಸಂಜೆ ತಂಪಾದೊಡನೆ ಕಣಿವೆಗೆ ಇಳಿಯುತ್ತದೆ. ಇದನ್ನು ಪುಸ್ತಕದಲ್ಲಿ ಓದುವುದು ಬೇರೆ, ಕಣ್ಣಾರೆ ಕಾಣುವುದು ಬೇರೆ. ಮಿಶಿಗನ್ನಿನಲ್ಲಿರುವ ನನ್ನ ಸೋದರಳಿಯ ಜೇಬಿನಲ್ಲಿ ಸದಾ ಮಿಲ್ಕ್‌ವೀಡ್ ಕಾಯಿಗಳನ್ನು ಇಟ್ಟುಕೊಂಡಿರುತ್ತಾನೆ. ನಮ್ಮ ಎಕ್ಕದ ಬಳಗದ ಗಿಡ ಅದು. ಕಾಯಿ ಒಡೆದರೆ ಎಕ್ಕದ ಹಾಗೆಯೇ ರೇಷ್ಮೆಯಂಥ ಬಿಳಿ ಕೂದಲು. ಒಂದು ಸಂಜೆ ಓಕ್ ಮರಗಳ ನಡುವೆ ಅವನು ಒಂದೆಳೆಯನ್ನು ಹಾರಿಬಿಟ್ಟಾಗ ಅದು ನಮ್ಮಿಂದ ದೂರ ಸಾಗಿ, ತಗ್ಗಿನ ಅಂಚಿನಲ್ಲಿ ತಡೆದು, ಮೆಲ್ಲಗೆ ಹೊರಳಿ ಜಿಂಕೆಗಳು ನಡೆದಾಡುವ ಜಾಡಿನತ್ತಲೇ ಇಳಿಯಿತು. ಮುಖಕ್ಕೆ ತಾಗುತ್ತಿದ್ದ ಗಾಳಿ ಹೇಳಿದ್ದೇ ಬೇರೆ. ಅವನು ಮಾತಿಲ್ಲದೆ ಎದ್ದು ತಗ್ಗಿನ ಆಚೆ ಬದಿಗೆ ನಡೆದ. ಕತ್ತಲಾಗುವ ಮೊದಲು ಒಂದು ಹೆಣ್ಣುಜಿಂಕೆ ಓಕ್ ಕಾಯಿ ಮೇಯುತ್ತ 20 ಗಜದೊಳಗೆ ಬಂತು. ಅದರ ತಲೆ ದಪ್ಪ ಕಾಂಡವೊಂದರ ಹಿಂದೆ ಮರೆಯಾದ ಕ್ಷಣದಲ್ಲಿ ಅವನು ಹೆದೆ ಸೆಳೆದ. ಈಚೆ ಬಂದ ಜಿಂಕೆ ಎದೆಯನ್ನು ನೇರ ನಮ್ಮತ್ತ ಮಾಡಿ ನಿಂತದ್ದರಿಂದ, ಪಕ್ಕೆಯ ಗುರಿ ಸಿಗದೆ, ಹೆದೆಯನ್ನು ಅಷ್ಟೇ ನಿಧಾನವಾಗಿ ಸಡಿಲಿಸಿದ. ಶ್ವಾಸಕೋಶಕ್ಕೆ ದಾರಿ ತೆರೆಯದ ಹೊರತು ಬಾಣ ಬಿಡುವುದಿಲ್ಲವೆಂಬುದು ಅವನ ನಿಯಮ. ಆ ಸಂಜೆ ನಾವು ಮಾಂಸವಿಲ್ಲದೆ ಮನೆಗೆ ಬಂದೆವು. ನೀವು ಭಾವುಕತೆ ಎಂದು ಕರೆದದ್ದು ಇದನ್ನಾದರೆ, ಆ ಮಾತನ್ನು ಹಿಂತೆಗೆದುಕೊಳ್ಳಿ ಎಂದು ಸಲುಗೆಯಿಂದ ಕೇಳುತ್ತೇನೆ.

ಇಂದಿನ ಅಮೆರಿಕದ ಬಿಲ್ಲುಬೇಟೆಗೆ ಇಶಿ ಎಂಬ ಯಾಹಿ ಬುಡಕಟ್ಟಿನ ಮನುಷ್ಯನ ಋಣವಿದೆ. ತನ್ನ ಜನರೆಲ್ಲ ಕೊಲೆಗೂ ಹಸಿವಿಗೂ ಬಲಿಯಾದ ಮೇಲೆ ಆತ 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಬಳಿ ಒಂಟಿಯಾಗಿ ಕಾಣಿಸಿಕೊಂಡ. 1916ರಲ್ಲಿ ಕ್ಷಯರೋಗದಿಂದ ತೀರಿಕೊಂಡ. ಆತನಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಆತನಿಂದಲೇ ಬಿಲ್ಲುವಿದ್ಯೆ ಕಲಿತರು. ಬೇಟೆಯ ಹಿಂದಿನ ದಿನದಿಂದಲೇ ಇಶಿ ಮೀನು ತಿನ್ನುತ್ತಿರಲಿಲ್ಲ, ಹೊಗೆಸೊಪ್ಪು ಸೇದುತ್ತಿರಲಿಲ್ಲ; ನಸುಕಿಗೆ ಎದ್ದು ಹಳ್ಳದಲ್ಲಿ ಮಿಂದು, ಪರಿಮಳದ ಎಲೆಗಳನ್ನು ಮೈಗೆ ಉಜ್ಜಿಕೊಂಡು ಹೊರಡುತ್ತಿದ್ದ ಎಂದು ಪೋಪ್ ಬರೆದಿಟ್ಟಿದ್ದಾರೆ. ಆತ ಅರಸಿದ್ದು ಕಪ್ಪುಬಾಲದ ಜಿಂಕೆಯನ್ನು, ನಿಮ್ಮ ಕಾಡಿನದು ಬಿಳಿಬಾಲದ್ದು; ಮೂಗು ಮಾತ್ರ ಎರಡಕ್ಕೂ ಒಂದೇ. ಇಂದು ಅಂಗಡಿಯಲ್ಲಿ ಸೀಸೆಗಟ್ಟಲೆ ಮಾರುವ ವಾಸನೆನಾಶಕಗಳಿಗಿಂತ ಆತನ ಆ ಶಿಸ್ತಿನ ಮೇಲೆ ನನಗೆ ಹೆಚ್ಚು ನಂಬಿಕೆ.

ನೆಲದ ಮೇಲಿನ ಬೇಟೆಗೆ ಒಂದು ಕಟ್ಟುನಿಟ್ಟೂ ಉಂಟು, ಅದನ್ನು ಮರೆಸಿ ನಾನು ನಿಮ್ಮನ್ನು ಹುರಿದುಂಬಿಸಬಾರದು. ಶಬ್ದವೇಧಿ ವಿದ್ಯೆಯ ಗರ್ವದಲ್ಲಿ ದಶರಥ, ನೀರು ತುಂಬುವ ಸದ್ದನ್ನು ಆನೆಯದೆಂದು ಬಗೆದು ಬಾಣ ಬಿಟ್ಟ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವರು ನಾವು. ಎಲ್ಲರಿಗೂ ಸೇರಿದ ಕಾಡಿನಲ್ಲಿ ಅಣಬೆ ಆಯುವವರಿರುತ್ತಾರೆ, ನಾಯಿಯೊಡನೆ ತಿರುಗಾಡುವವರಿರುತ್ತಾರೆ, ನಿಮ್ಮಂತೆಯೇ ಪೊದೆಯಲ್ಲಿ ಅಡಗಿದ ಇನ್ನೊಬ್ಬ ಬೇಟೆಗಾರನೂ ಇರಬಹುದು. ಜಿಂಕೆಯ ಇಡೀ ದೇಹವೂ ಅದರ ಹಿಂದಿನ ನೆಲವೂ ಕಾಣದೆ ಹೆದೆಗೆ ಕೈ ಹಾಕಬೇಡಿ. ಕಾನೂನು ಕೇಳಲಿ ಬಿಡಲಿ, ಹೋಗಿಬರುವಾಗ ಕಿತ್ತಳೆ ಬಣ್ಣದ ಟೋಪಿ ಧರಿಸಿ. ಆ ಬಣ್ಣ ಮನುಷ್ಯನ ಕಣ್ಣಿಗೆ ಹೊಳೆಯುವಂತೆ ಜಿಂಕೆಯ ಕಣ್ಣಿಗೆ ಹೊಳೆಯುವುದಿಲ್ಲ.

ಇನ್ನು ಗುತ್ತಿಗೆಯ ಮಾತು. ನಿಮ್ಮ ಪತ್ರದಲ್ಲಿ ನನ್ನ ಮನಸ್ಸನ್ನು ನೋಯಿಸಿದ್ದು ಇದೇ. ಮೈಸೂರು ಸೀಮೆಯಲ್ಲಿ ಬಂಡೀಪುರದ ಕಾಡು ಒಂದು ಕಾಲಕ್ಕೆ ಮಹಾರಾಜರ ಬೇಟೆಗೆ ಮೀಸಲು. ಅಲ್ಲಿ ರೈತನ ಮಗ ಬಿಲ್ಲು ಹಿಡಿದು ನಡೆಯುವಂತಿರಲಿಲ್ಲ. ಇಂದು ಭಾರತದಲ್ಲಿ ಬೇಟೆಯೇ ನಿಷಿದ್ಧ, ಉಳಿದಿರುವ ವನ್ಯಜೀವಿಗಳನ್ನು ನೆನೆದರೆ ಅದು ಸರಿಯೂ ಹೌದು. ನೀವಿರುವ ದೇಶದಲ್ಲಿ ಕಾಡುಪ್ರಾಣಿ ಜಮೀನಿನ ಒಡೆಯನ ಸ್ವತ್ತಲ್ಲ, ಜನರೆಲ್ಲರ ಪರವಾಗಿ ರಾಜ್ಯ ಕಾಪಾಡಬೇಕಾದದ್ದು. ಆ ಕಾವಲು ಸುಮ್ಮನೆ ಬಂದದ್ದಲ್ಲ. ಮಾರುಕಟ್ಟೆಗಾಗಿ ಕೊಂದು ಕೊಂದು, 1900ರ ಹೊತ್ತಿಗೆ ಇಡೀ ದೇಶದಲ್ಲಿ ಸುಮಾರು 5 ಲಕ್ಷ ಬಿಳಿಬಾಲದ ಜಿಂಕೆಗಳಷ್ಟೇ ಉಳಿದಿದ್ದವು. ಪೆನ್ಸಿಲ್ವೇನಿಯಾಕ್ಕೆ ಹೊರರಾಜ್ಯಗಳಿಂದ ಜಿಂಕೆ ತಂದು ಬಿಡಬೇಕಾಯಿತು. ಇಂದು ಅವು ಸುಮಾರು 3 ಕೋಟಿ. 1920ರಿಂದ ಬೇಟೆಗಾರರ ಪರವಾನಗಿಯ ಹಣದಿಂದ ನಿಮ್ಮ ರಾಜ್ಯ ತುಂಡುತುಂಡಾಗಿ ಕೊಂಡ ಬೇಟೆಭೂಮಿ ಈಗ ಸುಮಾರು 15 ಲಕ್ಷ ಎಕರೆಯಷ್ಟಿದೆ; ಅಲಿಗೇನಿ ರಾಷ್ಟ್ರೀಯ ಅರಣ್ಯ ಸೇರಿಸಿದರೆ ಇನ್ನೂ 5 ಲಕ್ಷ ಎಕರೆ. ನೀವು ಕೊಂಡ ಬಿಲ್ಲಿನ ಬೆಲೆಯಲ್ಲೂ, 1937ರ ಕಾಯ್ದೆಗೆ 1972ರಲ್ಲಾದ ತಿದ್ದುಪಡಿಯಂತೆ, ವನ್ಯಜೀವಿಗಳಿಗಾಗಿ ಶೇ. 11ರ ತೆರಿಗೆ ಸೇರಿದೆ. ಇಷ್ಟೆಲ್ಲ ನಿಮ್ಮದಾಗಿರುವಾಗ, ಒಬ್ಬನ ಬೇಲಿಯೊಳಗೆ ಹೋಗಲು ಇನ್ನೊಮ್ಮೆ ಹಣ ತೆರುತ್ತೀರಾ?

ಗುತ್ತಿಗೆಯ ದರ ಏರಿದಂತೆಲ್ಲ, ಹಿಂದೆ ಬಾಗಿಲು ತಟ್ಟಿ ಅನುಮತಿ ಕೇಳಿದರೆ ಒಪ್ಪುತ್ತಿದ್ದ ರೈತನೂ ಈಗ ಪ್ರವೇಶವಿಲ್ಲವೆಂಬ ಫಲಕ ನೆಡುತ್ತಾನೆ, ಹಣ ತೆರಲಾಗದವನು ಹೊರಗುಳಿಯುತ್ತಾನೆ. ಎಲ್ಲರ ನೆಲದಲ್ಲಿ ನಡೆದಾಡುವವರು ಕಡಿಮೆಯಾದಷ್ಟೂ ಅದನ್ನು ಮಾರಲು ಹೊರಡುವವರಿಗೆ ಧೈರ್ಯ ಹೆಚ್ಚು. 2025ರ ಜೂನ್‌ನಲ್ಲಿ ಪಶ್ಚಿಮ ರಾಜ್ಯಗಳ ಲಕ್ಷಾಂತರ ಎಕರೆ ಸಾರ್ವಜನಿಕ ಭೂಮಿಯನ್ನು ಮಾರುವ ಪ್ರಸ್ತಾವ ಸೆನೆಟ್‌ನಲ್ಲಿ ಬಂದಾಗ ಅದನ್ನು ಹಿಮ್ಮೆಟ್ಟಿಸಿದ್ದು, ಪಕ್ಷಭೇದ ಮರೆತು ಒಂದಾದ ಬೇಟೆಗಾರರೂ ಪರಿಸರಪ್ರೇಮಿಗಳೂ. ನಮ್ಮ ಊರುಗಳ ಗೋಮಾಳಗಳ ಪರವಾಗಿ ಹೀಗೆ ಕೂಗೆಬ್ಬಿಸುವವರು ಇದ್ದಿದ್ದರೆ ಎಷ್ಟು ಉಳಿಯುತ್ತಿತ್ತೋ!

ಸರ್ಕಾರಿ ಕಾಡಿನ ಜಿಂಕೆ ಬೆದರಿರುತ್ತದೆ ಎಂಬುದು ನಿಜ. ಆದರೆ ಬಹುಪಾಲು ಜನ ವಾಹನ ನಿಲ್ಲಿಸಿದಲ್ಲಿಂದ ಹೆಚ್ಚು ದೂರ ನಡೆಯುವುದಿಲ್ಲ. ಜಿಂಕೆಗೆ ಅದು ಗೊತ್ತು. ಹಾಗಾಗಿ ಗುತ್ತಿಗೆಗೆ ಎತ್ತಿಟ್ಟ ಹಣದಲ್ಲಿ ಒಳ್ಳೆಯ ಬೂಟು ಕೊಳ್ಳಿ. ಋತು ಮುಗಿದ ಮೇಲೆ, ಮರಗಳು ಚಿಗುರುವ ಮೊದಲು, ಮಾರ್ಚ್‌ನಲ್ಲಿ ನಕ್ಷೆ ಹಿಡಿದು ಒಳಕ್ಕೆ ನಡೆಯಿರಿ. ಹಿಂದಿನ ನವೆಂಬರಿನ ಬೆದೆಗಾಲದಲ್ಲಿ ಗಂಡುಜಿಂಕೆ ಕೊಂಬು ತಿಕ್ಕಿ ಸಿಪ್ಪೆ ಸುಲಿದ ಸಸಿಗಳು ಆಗ ದೂರದಿಂದಲೇ ಕಾಣುತ್ತವೆ. ಹಿಕ್ಕೆ ಎಲ್ಲಿದೆ, ತರಗೆಲೆಯಲ್ಲಿ ಮಲಗಿದ ಗುರುತು ಎಲ್ಲಿದೆ ಎಂದು ಬರೆದಿಟ್ಟುಕೊಳ್ಳಿ. ಅಕ್ಟೋಬರಿನಲ್ಲಿ ಬಿಳಿ ಓಕ್‌ನ ಕಾಯಿ ಉದುರುವಾಗ ಆ ಗುರುತುಗಳಿಗೂ ಕಾಯಿಗೂ ನಡುವಿನ ಜಾಡಿನಲ್ಲಿ, ಗಾಳಿ ನಿಮ್ಮ ಮುಖಕ್ಕೆ ಬರುವಂತೆ, ಬೆನ್ನಿಗೊಂದು ದಪ್ಪ ಮರವಿರುವಂತೆ ಕುಳಿತುಕೊಳ್ಳಿ.