ಪಿಎಚ್‌ಪಿ 8ರಲ್ಲಿ ‘ಅನ್‌ಡಿಫೈನ್ಡ್ ವೇರಿಯಬಲ್’ ಎಚ್ಚರಿಕೆ
ವೆಬ್ ಪುಟಗಳಿಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆ ಪಿಎಚ್‌ಪಿಯ 7.4ನೇ ಆವೃತ್ತಿಯಿಂದ 8ಕ್ಕೆ ಬದಲಾದ ಮೇಲೆ ಮೊತ್ತ ಮುದ್ರಿಸುವ ಸಾಲಿನಲ್ಲಿ ಕೆಲವೊಮ್ಮೆ ಮಾತ್ರ ಈ ಎಚ್ಚರಿಕೆ ಬರುತ್ತಿದೆ ಎಂದಿದ್ದೀರಿ. ಹಾಗಿದ್ದರೆ, $ಮೊತ್ತ ಎಂಬ ವೇರಿಯಬಲ್‌ಗೆ (ಮೌಲ್ಯ ಇಟ್ಟುಕೊಳ್ಳುವ ಹೆಸರಿಗೆ) ಇಫ್ (ಷರತ್ತು) ಅಥವಾ ಲೂಪಿನ (ಪುನರಾವರ್ತನೆಯ) ಒಳಗೆ ಮಾತ್ರ ಮೊದಲ ಮೌಲ್ಯ ಸಿಗುತ್ತಿದ್ದು, ಷರತ್ತು ಸುಳ್ಳಾದಾಗ ಅಥವಾ ಪಟ್ಟಿ ಖಾಲಿಯಿದ್ದಾಗ ಅದು ಹುಟ್ಟುವುದೇ ಇಲ್ಲ ಎಂಬುದೇ ಬಹುಶಃ ಕಾರಣ. ದೋಷ ಮೊದಲೂ ಇತ್ತು. ಆಗ ನೋಟಿಸ್ (ಸೌಮ್ಯ ಸೂಚನೆ) ಆಗಿದ್ದದ್ದನ್ನು 8.0ರಲ್ಲಿ ವಾರ್ನಿಂಗ್ (ಎಚ್ಚರಿಕೆ) ಮಟ್ಟಕ್ಕೆ ಏರಿಸಲಾಗಿದೆ.

ಎಚ್ಚರಿಕೆಯಲ್ಲಿ ಕಾಣುವುದು ವೇರಿಯಬಲ್ ಅನ್ನು ಓದಿದ ಸಾಲು, ಮೌಲ್ಯ ಕೊಡಬೇಕಿದ್ದ ಸಾಲಲ್ಲ. ಆದ್ದರಿಂದ ಮೊದಲು ಅಲ್ಲಿಂದ ಮೇಲಕ್ಕೆ ಓದುತ್ತಾ, ಮೌಲ್ಯ ಕೊಡದೆ ಆ ಸಾಲನ್ನು ತಲುಪುವ ದಾರಿ ಯಾವುದೆಂದು ಹುಡುಕಿ, ಹೆಸರಿನ ಕಾಗುಣಿತವನ್ನೂ ಹೋಲಿಸಿ ನೋಡಿ. ಬಳಿಕ ಇಫ್ ಅಥವಾ ಲೂಪಿಗೆ ಮುಂಚೆ $ಮೊತ್ತ = 0; ಎಂದು ಬರೆಯಿರಿ.

ಆಮೇಲೂ ಎಚ್ಚರಿಕೆ ಉಳಿದರೆ, ಆ ಸಾಲು ಯಾವುದಾದರೂ ಫಂಕ್ಷನ್ನಿನ (ಹೆಸರಿಟ್ಟು ಕರೆಯುವ ಕೋಡ್ ಭಾಗದ) ಒಳಗಿರಬಹುದು. ಹೊರಗಿನ ವೇರಿಯಬಲ್ ಫಂಕ್ಷನ್ನಿನೊಳಗೆ ತಾನಾಗಿ ಕಾಣುವುದಿಲ್ಲವಾದ್ದರಿಂದ ಅದನ್ನು ಆರ್ಗ್ಯುಮೆಂಟ್ ಆಗಿ, ಅಂದರೆ ಫಂಕ್ಷನ್ ಕರೆಯುವಾಗ ಕೊಡುವ ಮೌಲ್ಯವಾಗಿ, ಕಳುಹಿಸಿ. ಸಂದೇಶದಲ್ಲಿ ‘ವೇರಿಯಬಲ್’ ಬದಲು ‘ಅರೇ ಕೀ’ (ಪಟ್ಟಿಯೊಳಗಿನ ಅಂಶದ ಗುರುತು) ಎಂದಿದ್ದರೆ ?? ಚಿಹ್ನೆ ಬಳಸಿ ಬದಲಿ ಮೌಲ್ಯ ಕೊಡಬಹುದು. @ ಚಿಹ್ನೆಯಿಂದ ಎಚ್ಚರಿಕೆಯನ್ನು ಅಡಗಿಸಬೇಡಿ. ತಪ್ಪು ಮೊತ್ತ ಸದ್ದಿಲ್ಲದೆ ಮುಂದೆ ಹೋಗುತ್ತದೆ.